ಚಿಕ್ಕ ಕ್ಯಾಬಿನೆಟ್ಟಿಗೆ ಯಾವ ಅಳತೆಗೋಲು?

ಕಂಪ್ಯೂಟರ್ ಬಿಡಿಭಾಗಗಳ ವಿಮರ್ಶೆ ನ್ಯಾಯವಾಗಿದೆಯೇ ಎಂಬ ಮಾತು ಬಂದಾಗೆಲ್ಲ ಚರ್ಚೆ ಹೋಗಿ ನಿಲ್ಲುವುದು ಹಣದ ಹತ್ತಿರ. ಕಂಪನಿಯವರು ಕ್ಯಾಬಿನೆಟ್ಟನ್ನು ಪುಕ್ಕಟೆ ಕಳಿಸಿದ್ದರೆ, ಜಾಹೀರಾತು ಕೊಟ್ಟಿದ್ದರೆ, ಬರೆದವನು ಯಾರ ಉಪ್ಪು ತಿಂದವನು? ಕೇಳಲೇಬೇಕಾದ ಪ್ರಶ್ನೆಗಳಿವು. ಆದರೆ ಅಂಗೈಯಗಲದ ಮದರ್‌ಬೋರ್ಡು ಹಿಡಿಸುವ ಚಿಕ್ಕ ಕ್ಯಾಬಿನೆಟ್ಟುಗಳ ಕಳೆದ ಇಪ್ಪತ್ತೈದು ವರ್ಷಗಳ ಚರಿತ್ರೆಯನ್ನು ತಿರುವಿ ಹಾಕಿದರೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವುಗಳ ಬಗ್ಗೆ ಬಂದ ಅನ್ಯಾಯದ ತೀರ್ಪುಗಳಲ್ಲಿ ಬಹುಪಾಲು ಹುಟ್ಟಿದ್ದು ಪ್ರಾಮಾಣಿಕರ ಕೈಯಲ್ಲಿದ್ದ ತಪ್ಪು ಅಳತೆಗೋಲಿನಿಂದ. ಸಲ್ಲದ ಹೊಗಳಿಕೆಯ ಮೂಲವೂ ಅನೇಕ ಸಲ ಅದೇ. ಅಳತೆಗೋಲು ಕಾಲಕಾಲಕ್ಕೆ ಬದಲಾಗಿದೆ. ಮೊದಲು ಜಾಗ, ಆಮೇಲೆ ಸದ್ದು, ಆಮೇಲೆ ಲೀಟರು, ಈಗ ತಾಪಮಾನ. ಪ್ರತಿ ಬಾರಿಯೂ ಹೊಸ ಅಳತೆ ಹಳೆಯ ಒಂದು ತಪ್ಪನ್ನು ತಿದ್ದಿ ಹೊಸದೊಂದನ್ನು ತಂದಿಟ್ಟಿದೆ. ವಿಮರ್ಶೆಯೊಂದು ನ್ಯಾಯವೋ ಅಲ್ಲವೋ ಎಂದು ತೂಗುವವರು ವಿಮರ್ಶಕನ ಜೇಬನ್ನು ನೋಡುವ ಮೊದಲು ಅವನ ಪರೀಕ್ಷಾ ಮೇಜನ್ನು ನೋಡಬೇಕು ಎಂಬುದು ಇಲ್ಲಿನ ವಾದ.

2000ದ ಜುಲೈನಲ್ಲಿ ಆ್ಯಪಲ್ ಪವರ್ ಮ್ಯಾಕ್ ಜಿ4 ಕ್ಯೂಬ್ ಎಂಬ ಯಂತ್ರವನ್ನು ಹೊರತಂದಿತು. ಸುಮಾರು ಎಂಟು ಅಂಗುಲದ ಘನ, ಸುತ್ತ ಪಾರದರ್ಶಕ ಅಕ್ರಿಲಿಕ್ ಹೊದಿಕೆ, ಒಳಗೆ ತಂಪು ಮಾಡಲು ಫ್ಯಾನೇ ಇಲ್ಲ. ಬಿಸಿಗಾಳಿ ತಾನಾಗಿ ಮೇಲೇರಿ ನೆತ್ತಿಯ ಜಾಲರಿಯಿಂದ ಹೊರಹೋಗಬೇಕು. ಬೆಲೆ 1,799 ಡಾಲರಿನಿಂದ ಶುರು. ಹೆಚ್ಚುಕಡಿಮೆ ಅಷ್ಟೇ ಸಾಮರ್ಥ್ಯದ, ಕಾರ್ಡುಗಳನ್ನು ಸೇರಿಸಲು ಧಾರಾಳ ಜಾಗವಿದ್ದ ಆ್ಯಪಲ್‌ನದೇ ಟವರ್ ಯಂತ್ರ 200 ಡಾಲರ್ ಅಗ್ಗಕ್ಕೆ ಸಿಗುತ್ತಿತ್ತು. ಕಡಿಮೆ ಜಾಗಕ್ಕೆ ಹೆಚ್ಚು ದುಡ್ಡೇಕೆ ಎಂಬ ಪ್ರಶ್ನೆ ಎದ್ದಿತು. ಹೊದಿಕೆಯಲ್ಲಿ ಕಂಡ ಗೆರೆಗಳು ಬಿರುಕೋ ಅಚ್ಚಿನ ಗುರುತೋ ಎಂಬ ತಕರಾರೂ ಅದರ ಜೊತೆ ಸೇರಿತು. ಮಾರಾಟ ಬಿದ್ದುಹೋಗಿ 2001ರ ಜುಲೈಗೆ ಕ್ಯೂಬ್ ನಿಂತೇಹೋಯಿತು. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿದೆ. ಬೆಲೆಯ ವಿಚಾರದಲ್ಲಿ ಆಗಿನ ಆಕ್ಷೇಪ ಸರಿಯೇ ಇತ್ತು, ಅದನ್ನು ಅಲ್ಲಗಳೆಯಬೇಕಾದ ಅಗತ್ಯವಿಲ್ಲ. ಆದರೆ ಆ ಲೆಕ್ಕದಲ್ಲಿ ಮೌನಕ್ಕೆ ಒಂದು ಕಾಲಮ್ಮೇ ಇರಲಿಲ್ಲ. ಟವರಿನಲ್ಲಿ ಇದ್ದದ್ದು ಕ್ಯೂಬಿನಲ್ಲಿ ಇಲ್ಲ ಎಂದು ಎಣಿಸುವ ಪದ್ಧತಿ ತಯಾರಿತ್ತು, ಕ್ಯೂಬಿನಲ್ಲಿ ಇದ್ದದ್ದು ಟವರಿನಲ್ಲಿ ಇಲ್ಲ ಎಂದು ಎಣಿಸುವ ಪದ್ಧತಿ ಇನ್ನೂ ಹುಟ್ಟಿರಲಿಲ್ಲ.

ಮುಂದಿನ ಎರಡು ವರ್ಷಗಳಲ್ಲಿ ಇದೇ ಕಥೆ ತೈವಾನಿನ ಯಂತ್ರಗಳ ವಿಷಯದಲ್ಲಿ ಮತ್ತೆ ನಡೆಯಿತು. 2001ರಲ್ಲಿ ವಿಯಾ ಟೆಕ್ನಾಲಜೀಸ್ ಮಿನಿ-ಐಟಿಎಕ್ಸ್ ಎಂಬ ಮದರ್‌ಬೋರ್ಡ್ ಅಳತೆಯನ್ನು ಪ್ರಕಟಿಸಿತು: 170 ಮಿ.ಮೀ. ಚೌಕ. ಇಂಟೆಲ್ 1995ರಲ್ಲಿ ತಂದ, ಇವತ್ತಿಗೂ ಟವರುಗಳಲ್ಲಿ ನಡೆಯುತ್ತಿರುವ ಎಟಿಎಕ್ಸ್ ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಅದರ ಐದರಲ್ಲಿ ಎರಡು ಪಾಲು ಜಾಗದಲ್ಲಿ ಹೊಸ ಬೋರ್ಡು ಮುಗಿಯುತ್ತಿತ್ತು. ಅದರ ಮೇಲಿದ್ದ ವಿಯಾದ ಪ್ರೊಸೆಸರು ನಿಧಾನ, ನಿಜ. ಕೆಲವು ಮಾದರಿಗಳು ಫ್ಯಾನಿಲ್ಲದೆಯೇ ನಡೆಯುತ್ತಿದ್ದವು ಎಂಬುದೂ ಅಷ್ಟೇ ನಿಜ. ಅಂಗಡಿಯ ಗಲ್ಲಾದ ಕೆಳಗೆ, ಟೀವಿಯ ಪಕ್ಕ, ಕಾರಿನೊಳಗೆ ಕೂರಬೇಕಾದ ಬೋರ್ಡನ್ನು ಆಟಗಳ ಫ್ರೇಮು ಎಣಿಸಿ ತೂಗುವುದರಲ್ಲಿ ಅರ್ಥವಿರಲಿಲ್ಲ. ಇದೇ ಹೊತ್ತಿಗೆ ಶಟಲ್ ಕಂಪನಿಯ ಎಕ್ಸ್‌ಪಿಸಿ ಡಬ್ಬಿಗಳು ಬಂದವು. 2002ರ ಎಸ್‌ಎಸ್51ಜಿ ಮಾದರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 300 ಮಿ.ಮೀ. ಉದ್ದ, 200 ಅಗಲ, 185 ಎತ್ತರ, ಅಂದರೆ 11 ಲೀಟರು ಚಿಲ್ಲರೆ. ಅಲ್ಯೂಮಿನಿಯಂ ಮೈ. ಪೆಂಟಿಯಂ 4ರ ಶಾಖವನ್ನು ಹೀಟ್‌ಪೈಪುಗಳು ಹಿಂಬದಿಯ ಗೋಡೆಗೆ ಒಯ್ಯುತ್ತಿದ್ದವು. ಅಲ್ಲಿದ್ದ ಒಂದೇ ಫ್ಯಾನು ಪ್ರೊಸೆಸರನ್ನೂ ಡಬ್ಬಿಯನ್ನೂ ಒಟ್ಟಿಗೆ ತಂಪು ಮಾಡುತ್ತಿತ್ತು. ಜಾಣ ಕೆಲಸ. ಆ ಕಾಲದ ವಿಮರ್ಶೆಗಳ ಕೊನೆಯ ಕೊರತೆಗಳ ಪಟ್ಟಿಯಲ್ಲಿ ಮಾತ್ರ ಎದ್ದುಕಾಣುತ್ತಿದ್ದದ್ದು ಕಾರ್ಡಿಗೆ ಎರಡೇ ಜಾಗ, ಡ್ರೈವಿಗೆ ಜಾಗ ಸಾಲದು ಎಂಬ ದೂರು. ಚಿಕ್ಕದಾಗಿರುವುದೇ ಅದರ ಕಸುಬು. ಚಿಕ್ಕದು ಎಂಬುದನ್ನೇ ದೋಷವೆಂದು ಬರೆದಿಟ್ಟರೆ ಏನು ಹೇಳಿದಂತಾಯಿತು? ಆ ಯಂತ್ರದ ಅಸಲಿ ಐಬು ಬೇರೆ ಕಡೆ ಇತ್ತು. ಅದರ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ) ಒಳಗೆ 40 ಮಿ.ಮೀ.ನ ಪುಟ್ಟ ಫ್ಯಾನು ಕಿರುಗುಟ್ಟುತ್ತಿತ್ತು. ಅದನ್ನು ಹೆಸರಿಸಿದವರಿದ್ದರು, ಅಳೆದು ಹೇಳಿದವರು ವಿರಳ.

ಸದ್ದನ್ನು ಅಳತೆಯ ಮೇಜಿಗೆ ತಂದ ಕೀರ್ತಿ ಹೆಚ್ಚಾಗಿ ಸಲ್ಲುವುದು 2002ರಲ್ಲಿ ಕೆನಡಾದ ವ್ಯಾಂಕೂವರ್‌ನಿಂದ ಮೈಕ್ ಚಿನ್ ಶುರುಮಾಡಿದ ಸೈಲೆಂಟ್ ಪಿಸಿ ರಿವ್ಯೂ ಎಂಬ ಜಾಲತಾಣಕ್ಕೆ. ಯಂತ್ರದಿಂದ ಒಂದು ಮೀಟರ್ ದೂರದಲ್ಲಿ ಮೈಕು, ಕೋಣೆಯ ಹಿನ್ನೆಲೆ ಸದ್ದು ಎಷ್ಟಿತ್ತೆಂಬ ನಮೂದು, ಓದುಗರು ಕೇಳಿನೋಡಲು ಧ್ವನಿಮುದ್ರಣ. ಮುಂದೆ ಅವರು ಪ್ರತಿಧ್ವನಿಯಿಲ್ಲದ ಕೋಣೆಯನ್ನೇ ಕಟ್ಟಿಕೊಂಡರು. ಇಲ್ಲಿಂದಾಚೆಗೆ ಚಿಕ್ಕ ಕ್ಯಾಬಿನೆಟ್ಟಿಗೆ ನ್ಯಾಯ ಸಿಗುವ ದಾರಿ ತೆರೆಯಿತು, ಜೊತೆಗೆ ಹೊಸ ಬಗೆಯ ಅನ್ಯಾಯಕ್ಕೂ ಬಾಗಿಲಾಯಿತು. ಡೆಸಿಬೆಲ್ ಅಂಕಿಗೆ ದೂರ ಗೊತ್ತಿಲ್ಲದೆ ಅರ್ಥವಿಲ್ಲ. ತೆರೆದ ಜಾಗದಲ್ಲಿ ಚಿಕ್ಕ ಸದ್ದಿನ ಮೂಲದಿಂದ ದೂರವನ್ನು ಅರ್ಧ ಮಾಡಿದರೆ ಮಾಪಕ ಸುಮಾರು 6 ಡೆಸಿಬೆಲ್ ಹೆಚ್ಚು ತೋರಿಸುತ್ತದೆ. ಕಚೇರಿ ಯಂತ್ರಗಳ ಸದ್ದಿಗೆಂದೇ ಇರುವ ಐಎಸ್‌ಒ 7779 ಮಾನಕ ಕೂಡ ಯಂತ್ರದ ಮುಂದೆ ಕೂತವನಿಗೆ ಅರ್ಧ ಮೀಟರ್, ಪಕ್ಕದಲ್ಲಿ ನಿಂತವನಿಗೆ ಒಂದು ಮೀಟರ್ ಎಂದು ಬೇರೆ ಬೇರೆ ದೂರವನ್ನೇ ಹೇಳುತ್ತದೆ. ಒಬ್ಬರು 50 ಸೆಂ.ಮೀ.ನಲ್ಲಿ ಅಳೆದ 36ನ್ನು, ಇನ್ನೊಬ್ಬರು ಒಂದು ಮೀಟರಿನಲ್ಲಿ ಅಳೆದ 30ನ್ನು ಅಕ್ಕಪಕ್ಕ ಇಟ್ಟು ಮೊದಲನೆಯದು ಗಲಾಟೆಯ ಡಬ್ಬಿ ಎಂದರೆ ಅದು ಸುಳ್ಳು. ಎರಡೂ ಒಂದೇ ಡಬ್ಬಿ ಆಗಿರಬಹುದು. ಚಿಕ್ಕ ಕ್ಯಾಬಿನೆಟ್ಟಿನ ಮಟ್ಟಿಗೆ ಇದು ತಾಂತ್ರಿಕ ತಗಾದೆಯಾಗಿ ಉಳಿಯುವುದಿಲ್ಲ. ಟವರು ಮೇಜಿನ ಕೆಳಗೆ ಹೋಗುತ್ತದೆ, ಚಿಕ್ಕದು ಮೇಜಿನ ಮೇಲೆ, ಕಿವಿಯ ಹತ್ತಿರವೇ ಕೂರುತ್ತದೆ. ಎರಡನ್ನೂ ಒಂದೇ ದೂರದಲ್ಲಿ ಅಳೆದ ಪಟ್ಟಿ ಸಮಾನತೆಯ ಹೆಸರಿನಲ್ಲಿ ಚಿಕ್ಕದಕ್ಕೆ ರಿಯಾಯಿತಿ ಕೊಡುತ್ತದೆ. ಈ ಸಲ ಅನ್ಯಾಯ ಟವರಿಗೆ.

ಆಮೇಲೆ ಬಂದದ್ದು ಲೀಟರಿನ ಕಾಲ. 2008-09ರ ಹೊತ್ತಿಗೆ ಮಿನಿ-ಐಟಿಎಕ್ಸ್ ಬೋರ್ಡುಗಳು ಪೂರ್ಣ ಪ್ರಮಾಣದ ಪ್ರೊಸೆಸರುಗಳನ್ನು ಹೊರತೊಡಗಿದ ಮೇಲೆ, ಎಷ್ಟು ಕಡಿಮೆ ಜಾಗದಲ್ಲಿ ಎಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡು ತುಂಬಬಹುದು ಎಂಬುದೇ ಪಂದ್ಯವಾಯಿತು. ಇಬ್ಬರು ಹವ್ಯಾಸಿಗಳು ವಿನ್ಯಾಸ ಮಾಡಿ, ಜನರಿಂದ ಮುಂಗಡ ಎತ್ತಿ, ತೈವಾನಿನ ಲಿಯಾನ್ ಲಿಯಿಂದ ಮಾಡಿಸಿದ ಎನ್‌ಕೇಸ್ ಎಂ1 2013ರಲ್ಲಿ ಬಂದಾಗ ಅದರ ಅಳತೆ 160, 240, 328 ಮಿ.ಮೀ., ಅಂದರೆ 12.6 ಲೀಟರ್. ಜರ್ಮನಿಯ ಡಾನ್ ಕೇಸಸ್‌ನ ಎ4-ಎಸ್‌ಎಫ್‌ಎಕ್ಸ್ 2016ರಲ್ಲಿ ಅದನ್ನು 7 ಲೀಟರ್ ಚಿಲ್ಲರೆಗೆ ಇಳಿಸಿತು. ಮದರ್‌ಬೋರ್ಡಿನ ಬೆನ್ನಿಗೆ ಗ್ರಾಫಿಕ್ಸ್ ಕಾರ್ಡು, ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್. ಅದಕ್ಕೂ ಮುಂಚೆ, 2012ರಲ್ಲಿ, ಬಿಟ್‌ಫೆನಿಕ್ಸ್ ಪ್ರಾಡಿಜಿ ಬಂದಿತ್ತು. ಅದೂ ಮಿನಿ-ಐಟಿಎಕ್ಸ್ ಬೋರ್ಡಿನದೇ. ಬಾಗಿದ ಹಿಡಿ, ಬಾಗಿದ ಕಾಲು ಸೇರಿಸಿ 250, 404, 359 ಮಿ.ಮೀ. ಗುಣಿಸಿ ನೋಡಿದರೆ 36 ಲೀಟರ್ ದಾಟುತ್ತದೆ. ಹಿಡಿ ಮತ್ತು ಕಾಲುಗಳನ್ನು ಬಿಟ್ಟರೆ ಅಂಕಿ ಬಹಳ ಕೆಳಗಿಳಿಯುತ್ತದೆ. ಯಾವುದು ಸರಿ? ಕಪಾಟಿನಲ್ಲಿ ಇಡುವವನಿಗೆ ಹಿಡಿಯೂ ಜಾಗವೇ. ಇನ್ನು ಕರೆಂಟಿನ ಅಡಾಪ್ಟರನ್ನು ಹೊರಗೆ ನೇತುಹಾಕಿ ಡಬ್ಬಿಯ ಲೀಟರು ಇಳಿಸುವವರಿದ್ದಾರೆ. 2005ರ ಮ್ಯಾಕ್ ಮಿನಿ ಹೀಗೆಯೇ ಚಿಕ್ಕದಾಯಿತು, ಅದರ ಪವರ್ ಅಡಾಪ್ಟರ್ ಹೊರಗೆ ಬಿದ್ದಿರುತ್ತಿತ್ತು. 2010ರ ಮಾದರಿಯಲ್ಲಿ ಅದು ಒಳಗೆ ಹೋಯಿತು. ಬರೀ ಡಬ್ಬಿಯನ್ನು ಅಳೆದು ಶ್ರೇಣಿ ಕಟ್ಟಿದರೆ ಜಾಗ ಉಳಿಸಿದವನಿಗೂ ಜಾಗ ಬಚ್ಚಿಟ್ಟವನಿಗೂ ಒಂದೇ ಅಂಕ ಸಿಗುತ್ತದೆ. ಚಿಕ್ಕ ಕ್ಯಾಬಿನೆಟ್ಟಿನ ಅಭಿಮಾನಿಗಳೇ ತಮ್ಮ ಪ್ರೀತಿಯ ಡಬ್ಬಿಗಳಿಗೆಂದು ಕಂಡುಕೊಂಡ ಅಳತೆ ಇದು. ಟವರಿನ ಅಳತೆಗೋಲಿನಷ್ಟೇ ಇದೂ ದಾರಿ ತಪ್ಪಿಸಬಲ್ಲದು.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪಣೆ ಬರುತ್ತದೆ. ಓದುಗನಿಗೆ ತಯಾರಕನ ಉದ್ದೇಶ ಕಟ್ಟಿಕೊಂಡು ಏನಾಗಬೇಕು? ಅವನು ದುಡ್ಡು ಕೊಡುವವನು. ಒಂದೇ ಪ್ರೊಸೆಸರು, ಒಂದೇ ಕೂಲರು, ಒಂದೇ ಕಾರ್ಡು ಹಾಕಿ ಎಲ್ಲ ಕ್ಯಾಬಿನೆಟ್ಟುಗಳ ತಾಪಮಾನ ಅಳೆದುಬಿಡಿ, ಅದಕ್ಕಿಂತ ನ್ಯಾಯ ಇನ್ನೇನಿದೆ? ಕೇಳಲು ಸೊಗಸಾಗಿದೆ. ಮೇಲೆ ಹೇಳಿದ ಎ4-ಎಸ್‌ಎಫ್‌ಎಕ್ಸ್ ಮತ್ತು ಎಂ1 ಕ್ಯಾಬಿನೆಟ್ಟುಗಳನ್ನೇ ಈ ಪರೀಕ್ಷೆಗೆ ಒಡ್ಡಿ ನೋಡಬಹುದು. ಎ4-ಎಸ್‌ಎಫ್‌ಎಕ್ಸ್‌ನಲ್ಲಿ ಪ್ರೊಸೆಸರಿನ ಕೂಲರು 48 ಮಿ.ಮೀ.ಗಿಂತ ಎತ್ತರ ಇರುವಂತಿಲ್ಲ. ಎಂ1ನಲ್ಲಿ ಸುಮಾರು 130 ಮಿ.ಮೀ.ವರೆಗೆ ಹಿಡಿಯುತ್ತದೆ. ಎರಡಕ್ಕೂ ನಾಕ್ಟುವಾದ 37 ಮಿ.ಮೀ.ನ ಎನ್ಎಚ್-ಎಲ್9ಐ ಕೂಲರನ್ನೇ ಹಾಕಿ ಅಳೆದರೆ ಅಂಕಿಗಳು ಹತ್ತಿರ ಹತ್ತಿರ ಬರಬಹುದು, ಹೆಚ್ಚುವರಿ ಐದು ಲೀಟರಿಗೆ ಎಂ1 ಕೊಡುವ ಪ್ರತಿಫಲ ಲೆಕ್ಕದಿಂದಲೇ ಮಾಯವಾಗುತ್ತದೆ. ಆಯಾ ಕ್ಯಾಬಿನೆಟ್ಟಿಗೆ ಹಿಡಿಯುವ ಅತಿದೊಡ್ಡ ಕೂಲರು ಹಾಕಿ ಅಳೆದರೆ ಎ4 ಬಿಸಿಯೆಂದು ಕಾಣುತ್ತದೆ. ಆದರೆ ಆಗ ಅಳೆದದ್ದು ಕ್ಯಾಬಿನೆಟ್ಟನ್ನೋ ಕೂಲರನ್ನೋ ಎಂದು ಬಿಡಿಸಿ ಹೇಳಲಾಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುವ ಅಪಾಯ ಇಲ್ಲಿದೆ. ಎರಡು ಪರೀಕ್ಷೆಗಳೂ ಸುಳ್ಳಲ್ಲ. ಮೊದಲನೆಯದು ಡಬ್ಬಿಯ ಗುಣವನ್ನು ಬೇರ್ಪಡಿಸಿ ನೋಡುತ್ತದೆ, ಎರಡನೆಯದು ಕೊಂಡವನು ಕಟ್ಟುವ ಯಂತ್ರವನ್ನು ತೋರಿಸುತ್ತದೆ. ಯಾವ ಪರೀಕ್ಷೆ ಎಂದು ಹೇಳದೆ ಒಂದೇ ಅಂಕಿ ಬರೆದು ಕೆಳಗೆ ಗೆರೆ ಎಳೆದರೆ ಅದೇ ಅನ್ಯಾಯ. ಫ್ಯಾನಿನ ವೇಗದ ಕಥೆಯೂ ಹೀಗೆಯೇ. ವೇಗವನ್ನು ಶೇಕಡಾ 20ರಷ್ಟು ಏರಿಸಿದರೆ ಗಾಳಿಯೂ ಅಷ್ಟೇ ಏರುತ್ತದೆ, ಸದ್ದು ಮಾತ್ರ ಸುಮಾರು 4 ಡೆಸಿಬೆಲ್ ಹೆಚ್ಚುತ್ತದೆ. ಸದ್ದನ್ನು ಒಂದೇ ಮಟ್ಟಕ್ಕೆ ಕಟ್ಟಿಹಾಕದೆ ತಾಪಮಾನ ಹೋಲಿಸಿದರೆ ಗೆಲ್ಲುವುದು ಹೆಚ್ಚು ಅರಚುವ ಡಬ್ಬಿ. ಈಚಿನ ಒಳ್ಳೆಯ ವಿಮರ್ಶಕರು ಸದ್ದನ್ನು ಸಮ ಮಾಡಿಕೊಂಡು ತಾಪಮಾನದ ಇನ್ನೊಂದು ಪಟ್ಟಿ ಕೊಡುತ್ತಾರೆ. ಟವರಿನ ಕಾಲದಲ್ಲಿ ಇದು ನಾಜೂಕಿನ ಮಾತಾಗಿತ್ತು, ಚಿಕ್ಕ ಕ್ಯಾಬಿನೆಟ್ಟಿಗೆ ಇದೇ ಮುಖ್ಯ ಪಟ್ಟಿ.

ಇಷ್ಟು ಹೇಳಿದ ಮೇಲೂ ಹಣದ ಪ್ರಶ್ನೆ ಹಾಗೆಯೇ ಉಳಿಯುತ್ತದಲ್ಲ ಎನ್ನಬಹುದು. ಉಳಿಯುತ್ತದೆ. ಅಮೆರಿಕದ ಕನ್ಸ್ಯೂಮರ್ಸ್ ಯೂನಿಯನ್ 1936ರಲ್ಲಿ ಹುಟ್ಟಿದ್ದೇ ಜಾಹೀರಾತು ತೆಗೆದುಕೊಳ್ಳದೆ, ಸಾಮಾನನ್ನು ಅಂಗಡಿಯಿಂದ ದುಡ್ಡು ಕೊಟ್ಟು ತಂದು ಪರೀಕ್ಷಿಸುವ ಹಟದಿಂದ. 2009ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ತನ್ನ ಮಾರ್ಗಸೂಚಿ ತಿದ್ದಿ, ಕಂಪನಿಯೊಂದಿಗಿನ ಸಂಬಂಧವನ್ನು ಬರೆಯುವವರು ಬಹಿರಂಗಪಡಿಸಬೇಕೆಂದಿತು. ಭಾರತದಲ್ಲಿ ಜಾಹೀರಾತು ಮಾನಕ ಮಂಡಳಿ 2021ರಲ್ಲಿ ಅಂಥದೇ ನಿಯಮ ತಂದಿತು. ಇವೆಲ್ಲ ಬೇಕು. ಆದರೆ ಈ ಕಸುಬಿನಲ್ಲಿ ಪಕ್ಷಪಾತ ಬರುವ ಇನ್ನೊಂದು ದಾರಿ ಹಣದ್ದಲ್ಲ, ಅಕ್ಕರೆಯದು. ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಬಿಡಿಸಿದ ಡಬ್ಬಿ, ಕೆಲವೇ ಸಾವಿರ ಜನ ಮುಂಗಡ ಕೊಟ್ಟು ಮಾಡಿಸಿದ್ದು. ಅದರ ಮೂಲೆ ಕೂಡದಿದ್ದರೆ ಕೈಕೆಲಸದ ಕಳೆ, ದೊಡ್ಡ ಕಂಪನಿಯದಾದರೆ ಕಳಪೆ. ಇಂಥ ಡಬ್ಬಿಗಳ ವಿಮರ್ಶೆ ಎಷ್ಟೋ ಸಲ ಮಾದರಿ ತುಣುಕಿನ ಮೇಲೆ ನಡೆಯುತ್ತದೆ, ಜನರ ಕೈಗೆ ಬರುವುದು ಆಮೇಲೆ ಕಾರ್ಖಾನೆಯಿಂದ ಹೊರಟದ್ದು. ವಿಮರ್ಶಕ ಒಂದು ರೂಪಾಯಿ ಮುಟ್ಟದೆಯೂ ಇಲ್ಲಿ ತಕ್ಕಡಿ ವಾಲುತ್ತದೆ. ಹಣದ ಸಂಬಂಧವನ್ನು ಬರೆದು ತಿಳಿಸಬಹುದು, ಅಕ್ಕರೆಯನ್ನು ಬರೆದು ತಿಳಿಸುವ ನಿಯಮ ಯಾರೂ ಮಾಡಿಲ್ಲ.

ಪರೀಕ್ಷೆ ಎಷ್ಟೇ ಶುದ್ಧವಾಗಿದ್ದರೂ ಅದು ಎಷ್ಟನ್ನು ಹೇಳಬಲ್ಲದು ಎಂಬುದಕ್ಕೆ 2020ರ ಫೆಬ್ರುವರಿಯಲ್ಲಿ ಬಂದ ಎನ್‌ಝಡ್‌ಎಕ್ಸ್‌ಟಿ ಎಚ್1ಕ್ಕಿಂತ ಕಣ್ಣು ತೆರೆಸುವ ಉದಾಹರಣೆ ಇಲ್ಲ. ನಿಂತ ಡಬ್ಬಿ, 13 ಲೀಟರಿನ ಆಸುಪಾಸು. ಎಸ್‌ಎಂಪಿಎಸ್, ನೀರಿನ ಕೂಲರು, ರೈಸರ್ ಎಲ್ಲ ಒಳಗೇ ಕೂಡಿಸಿ ಕೊಡುತ್ತಿದ್ದರು. ಕಟ್ಟುವುದು ಸುಲಭ, ನೋಡಲು ಚೆನ್ನ, ಹೊಗಳಿಕೆ ಬಂತು. ದೋಷವಿದ್ದದ್ದು ರೈಸರ್ ಬೋರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಸ್ಕ್ರೂಗಳ ಜಾಗದಲ್ಲಿ. ಸ್ಕ್ರೂವಿನ ತೂತಿನ ಪಕ್ಕದಲ್ಲೇ 12 ವೋಲ್ಟಿನ ತಾಮ್ರದ ಪದರ ಹಾದುಹೋಗುತ್ತಿತ್ತು. ಸ್ಕ್ರೂವಿನ ಸುರುಳಿ ತೂತಿನ ಅಂಚನ್ನು ಕೊರೆದು ತಾಮ್ರಕ್ಕೆ ತಾಗಿದರೆ ಶಾರ್ಟ್ ಆಗಿ ಬೋರ್ಡು ಹೊತ್ತಿಕೊಳ್ಳಬಹುದಿತ್ತು. ಕಂಪನಿ ಮೊದಲು ಪ್ಲಾಸ್ಟಿಕ್ ಸ್ಕ್ರೂ ಕಳಿಸುತ್ತೇವೆಂದಿತು. ಗೇಮರ್ಸ್ ನೆಕ್ಸಸ್ ಎಂಬ ವಿಮರ್ಶಾ ಸಂಸ್ಥೆಯ ಸ್ಟೀವ್ ಬರ್ಕ್ ತಂಡ ಬೋರ್ಡು ಹೊತ್ತಿಕೊಳ್ಳುವುದನ್ನು ತೋರಿಸಿ, ಸ್ಕ್ರೂ ಬದಲಿಸಿದರೆ ಸಾಲದು, ರೈಸರನ್ನೇ ಬದಲಿಸಬೇಕೆಂದು ಪಟ್ಟು ಹಿಡಿಯಿತು. 2021ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಮೂಲಕ ಅಲ್ಲಿ ಮಾರಾಟವಾಗಿದ್ದ ಸುಮಾರು 32,000 ಕ್ಯಾಬಿನೆಟ್ಟುಗಳ ಹಿಂದೆಗೆತ ಘೋಷಣೆಯಾಯಿತು. ಹಾಗಾದರೆ ಮೊದಲು ಹೊಗಳಿದವರು ಅನ್ಯಾಯ ಮಾಡಿದರೆ? ತಾಪಮಾನ ಅಳೆದವರು ತಾಪಮಾನವನ್ನು ಸರಿಯಾಗಿಯೇ ಅಳೆದಿದ್ದರು. ಒಂದು ವಾರದ ಪರೀಕ್ಷೆಯಲ್ಲಿ ಸ್ಕ್ರೂ ತೂತನ್ನು ಕೊರೆಯುವುದು ಕಾಣದು. ತಪ್ಪು ಅಂಕಿಯಲ್ಲಿ ಇರಲಿಲ್ಲ. ವಾರದ ಪರೀಕ್ಷೆಯಿಂದ ವರ್ಷಗಳ ಭರವಸೆ ಕೊಟ್ಟ ತೀರ್ಪಿನ ಮಾತಿನಲ್ಲಿತ್ತು. ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಜಾಗ ಉಳಿಸಲು ರೈಸರ್, ವಿಶೇಷ ಕೇಬಲ್, ಒಳಗೇ ಕೂಡಿಸಿದ ಎಸ್‌ಎಂಪಿಎಸ್ ಎಂದು ವಿದ್ಯುತ್ ಭಾಗಗಳು ಡಬ್ಬಿಯ ಭಾಗವಾಗಿಬಿಡುತ್ತವೆ. ಟವರ್ ಬರೀ ತಗಡು. ಚಿಕ್ಕದು ಅರ್ಧ ಯಂತ್ರ. ತಗಡಿನ ವಿಮರ್ಶೆಗೆ ಸಾಕಾಗಿದ್ದ ಅವಧಿ ಯಂತ್ರದ ವಿಮರ್ಶೆಗೆ ಸಾಲುವುದಿಲ್ಲ.

ನಮ್ಮ ಕಡೆಯ ಓದುಗರಿಗೆ ಇನ್ನೊಂದು ತೊಡಕಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕ್ಯಾಬಿನೆಟ್ ಕೊಳ್ಳುವವರು ಓದುವುದು ಬಹುಪಾಲು ಅಮೆರಿಕ, ಜರ್ಮನಿ, ಕೆನಡಾದ ವಿಮರ್ಶೆಗಳನ್ನು. ಅವು 21-22 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ಹುಟ್ಟಿದವು. ಪ್ರೊಸೆಸರ್ 75 ಡಿಗ್ರಿ ಎಂದು ಅಲ್ಲಿ ಬರೆದದ್ದು ಏಪ್ರಿಲ್‌ನ ಕಲಬುರಗಿಯಲ್ಲಿ, 38 ಡಿಗ್ರಿಯ ಕೋಣೆಯಲ್ಲಿ, 90ರ ಆಚೆ ಹೋಗುತ್ತದೆ. ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚು ಎಂದು ಬರೆಯುವ ವಿಮರ್ಶಕ ಇಬ್ಬರಿಗೂ ನ್ಯಾಯ ಮಾಡುತ್ತಾನೆ. ಬರೀ 75 ಎಂದು ಬರೆದವನು ತನ್ನ ಊರಿನವರಿಗೆ ಮಾತ್ರ ಬರೆದಂತಾಯಿತು. ಒಂದು ಲೆಕ್ಕ ನೋಡಿ: ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಹಾಯುವ ಡಬ್ಬಿಯಲ್ಲಿ 400 ವ್ಯಾಟ್ ಶಾಖ ಹುಟ್ಟಿದರೆ ಸಮುದ್ರಮಟ್ಟದಲ್ಲಿ ಹೊರಬರುವ ಗಾಳಿ ಸುಮಾರು 20 ಡಿಗ್ರಿ ಬಿಸಿಯಾಗಿರುತ್ತದೆ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಶೇಕಡಾ 8ರಷ್ಟು ಕಡಿಮೆ. ಅದೇ ಫ್ಯಾನು, ಅದೇ ವೇಗ, ಆದರೂ ಒಂದೂಮುಕ್ಕಾಲು ಡಿಗ್ರಿಯಷ್ಟು ಹೆಚ್ಚು. ಟವರಿನಲ್ಲಿ ಇದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಅಂಚಿನಲ್ಲಿ ಬದುಕುವ ಏಳು ಲೀಟರಿನ ಡಬ್ಬಿಯಲ್ಲಿ ಫ್ಯಾನು ಇನ್ನೊಂದು ಹಂತ ಏರಿ ಕೂಗತೊಡಗುತ್ತದೆ.

ಕೊನೆಗೆ ಕಾಲದ ಪ್ರಶ್ನೆ. 2016ರಲ್ಲಿ ಚಿಕ್ಕ ಕ್ಯಾಬಿನೆಟ್ಟೊಂದನ್ನು ಆಗಿನ ಅತ್ಯುತ್ತಮ ಕಾರ್ಡುಗಳಲ್ಲೊಂದಾದ ಎನ್‌ವಿಡಿಯಾ ಜಿಟಿಎಕ್ಸ್ 1080 ಹಾಕಿ ಪರೀಕ್ಷಿಸಿದ್ದರೆ ಅದರ ಶಾಖ 180 ವ್ಯಾಟ್. 2020ರ ಆರ್‌ಟಿಎಕ್ಸ್ 3090 350 ವ್ಯಾಟ್, 2022ರ 4090 450, 2025ರ 5090 575. ತಗಡು ಅದೇ, ತೂತುಗಳು ಅವೇ, ಹೊರೆ ಮೂರು ಪಟ್ಟು. ಹಳೆಯ ವಿಮರ್ಶೆಯ 'ತಂಪಾಗಿದೆ' ಎಂಬ ಮಾತು ಹುಡುಕಿದವರಿಗೆ ಇಂದಿಗೂ ಮೊದಲು ಸಿಗುತ್ತದೆ, ಅದರ ಜೊತೆಗಿದ್ದ 180 ವ್ಯಾಟ್ ಸಿಗುವುದಿಲ್ಲ. ಕಾರ್ಡುಗಳ ಗಾತ್ರವೂ ಒಂದೇ ದಿಕ್ಕಿನಲ್ಲಿ ಹೋಗಿಲ್ಲ: 4090ರ ಎನ್‌ವಿಡಿಯಾದ್ದೇ ತಯಾರಿಕೆ ಮೂರು ಸ್ಲಾಟಿನ ದಪ್ಪವಿತ್ತು, ಹೆಚ್ಚು ಶಾಖದ 5090 ಎರಡೇ ಸ್ಲಾಟಿಗೆ ಇಳಿಯಿತು. ಹೀಗಾಗಿ ದಪ್ಪ ಕಾರ್ಡು ಹಿಡಿಯದು ಎಂದು 2022ರಲ್ಲಿ ಅಂಕ ಕಳೆದುಕೊಂಡ ಕ್ಯಾಬಿನೆಟ್ಟಿಗೆ 2025ರಲ್ಲಿ ಆ ದೂರು ಅನ್ವಯಿಸದೆ ಹೋಗಬಹುದು, ಬೇರೆ ದೂರು ಹುಟ್ಟಬಹುದು. ಪರೀಕ್ಷಾ ಯಂತ್ರವನ್ನು ಬದಲಿಸಿದಾಗ ಹಳೆಯ ಪಟ್ಟಿಯನ್ನು ಪೂರಾ ಕೈಬಿಟ್ಟು ಮೊದಲಿನಿಂದ ಅಳೆಯುವ ವಿಮರ್ಶಕರಿದ್ದಾರೆ. ದುಬಾರಿ ಕೆಲಸ ಅದು. ಅದನ್ನು ಮಾಡಲು ಕ್ಯಾಬಿನೆಟ್ಟುಗಳನ್ನು ಕಂಪನಿಗೆ ವಾಪಸು ಕಳಿಸದೆ, ಮಾರದೆ, ವರ್ಷಗಳ ಕಾಲ ಉಗ್ರಾಣದಲ್ಲಿ ಪೇರಿಸಿಟ್ಟುಕೊಂಡಿರಬೇಕು. ಪುಕ್ಕಟೆ ಬಂದ ಡಬ್ಬಿಯನ್ನು ಇಟ್ಟುಕೊಳ್ಳುವುದೇ ಲಂಚವೆಂದು ಕೆಲವರು ಆಡಿಕೊಳ್ಳುತ್ತಾರೆ. ಆ ಡಬ್ಬಿ ಉಗ್ರಾಣದಲ್ಲಿ ಇಲ್ಲದಿದ್ದರೆ 2016ರ ತೀರ್ಪನ್ನು 2025ರ ಕಾರ್ಡಿನೊಂದಿಗೆ ಮರುಪರಿಶೀಲಿಸಲು ಯಾರಿಗೂ ಸಾಧ್ಯವಿಲ್ಲ.